ನಿಂತ ಕಾರಿನ ಬಿಸಿ ಡ್ರಮ್ಮು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವನು ನಾನು. ಮರ್ಯಾದೆಗಾದರೂ ಕೂತು ತಲೆಯಾಡಿಸುವ ತಾಳ್ಮೆ ನನಗಿರಲಿಲ್ಲ. ಹಾಗಾಗಿ ಇದನ್ನು ನೀವು ನಂಬಬೇಕೆಂದು ಕೇಳುವ ಮುಖವೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದಿನ ಮಾತು. ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಕಾರು ಯಾರಿಗೆ ಎಂದು ನನಗೂ ಅಣ್ಣನಿಗೂ ಜಗಳ ಹತ್ತಿತು. ಅಣ್ಣ ಮದ್ದೂರಿನಲ್ಲಿ, ನಾನು ಅಮ್ಮನ ಜೊತೆ ಮಳವಳ್ಳಿಯಲ್ಲಿ. ಕಾರು ನಮ್ಮ ಮನೆಯ ಶೆಡ್ಡಿನಲ್ಲಿತ್ತು. ತೀರ್ಮಾನವಾಗುವ ತನಕ ಇಬ್ಬರೂ ಓಡಿಸಕೂಡದು ಎಂದು ಅಮ್ಮನ ಮುಂದೆ ಮಾತಾಯಿತು. ನನ್ನ ಮಾತು ಅಣ್ಣನಿಗೆ ಸಾಲಲಿಲ್ಲ. ಕೀ ಇಟ್ಟುಕೊಂಡ, ಬ್ಯಾಟರಿ ಬಿಚ್ಚಿಕೊಂಡ, ಹೋಗುವಾಗ ಹ್ಯಾಂಡ್‌ಬ್ರೇಕನ್ನು ಕಿತ್ತು ಬರುವ ಹಾಗೆ ಎಳೆದ. ಬಹಳ ದಿನ ನಿಲ್ಲುವ ಗಾಡಿಗೆ ಹ್ಯಾಂಡ್‌ಬ್ರೇಕ್ ಹಾಕಬಾರದು, ಚಕ್ರದೊಳಗಿನ ಬ್ರೇಕ್ ಶೂ ತುಕ್ಕು ಹಿಡಿದು, ಅದನ್ನು ಮುಚ್ಚಿರುವ ಕಬ್ಬಿಣದ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ, ಚಕ್ರಕ್ಕೊಂದು ಕಲ್ಲು ಕೊಟ್ಟರೆ ಸಾಕು ಎಂದೆ. ಕಲ್ಲನ್ನು ನಾನೇ ತೆಗೆದು ಕಾರು ತಳ್ಳಿಕೊಂಡು ಹೋಗುತ್ತೇನೆಂದು ಅವನ ಅನುಮಾನ. ಅಂಥವನಿಗೆ ಏನು ಹೇಳುವುದು?

ಅಪ್ಪ ತೀರಿಕೊಂಡ ವರ್ಷ ನಮಗೆ ಹಬ್ಬವಿರಲಿಲ್ಲ. ಮರುವರ್ಷದ ಆಯುಧಪೂಜೆಯ ದಿನ ಬೆಳಿಗ್ಗೆ ಅಣ್ಣ ಬಂದ. ಮನಸ್ತಾಪ ಏನೇ ಇದ್ದರೂ ಗಾಡಿಗೆ ಪೂಜೆ ತಪ್ಪಿಸುವಂತಿಲ್ಲವಲ್ಲ. ನನ್ನನ್ನು ಮಾತನಾಡಿಸದೆ, ಶೆಡ್ಡಿನ ನೆರಳಲ್ಲೇ ಬಕೆಟ್ಟುಗಟ್ಟಲೆ ನೀರು ಹುಯ್ದು ಕಾರು ತೊಳೆದ. ಮೇಲಿನ ಧೂಳು, ಚಕ್ರಗಳ ಸಂದಿಯಲ್ಲಿ ಕಟ್ಟಿದ್ದ ಜೇಡರ ಬಲೆ, ಎಲ್ಲವೂ ಹರಿದುಹೋಯಿತು. ಆಮೇಲೆ ಹ್ಯಾಂಡ್‌ಬ್ರೇಕ್ ಬಿಟ್ಟು ಅಂಗಳಕ್ಕೆ ತಳ್ಳಹೋದರೆ ಹಿಂದಿನ ಎಡಚಕ್ರ ಜಪ್ಪಯ್ಯ ಅಂದರೂ ತಿರುಗಲಿಲ್ಲ.

ನನಗೆ ಒಳಗೊಳಗೇ ಖುಷಿಯಾಯಿತು. ಮನೆಯಲ್ಲೇ ಬ್ರೇಕ್ ಬಿಚ್ಚಿ ಸರಿಮಾಡುವುದನ್ನು ಅಪ್ಪ ಇಬ್ಬರಿಗೂ ಕಲಿಸಿದ್ದರು. ಕಲಿತದ್ದನ್ನು ಮರೆತವನು ಅವನು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ ಚಕ್ರ ಬಿಚ್ಚಿದೆ. ಕಚ್ಚಿಕೊಂಡ ಡ್ರಮ್ಮನ್ನು ಸುತ್ತಲೂ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸಡಿಲವಾಗುತ್ತದೆ. ಹಾಗೇ ತಟ್ಟಿ, ಎರಡೂ ಕೈಯಲ್ಲಿ ಹಿಡಿದು ಎಳೆದೆ. ಕಾದ ಕಾವಲಿ ಹಿಡಿದಂತಾಗಿ ಕೂಗಿಕೊಂಡೆ. ಡ್ರಮ್ಮು ಕಳಚಿ ನೆಲಕ್ಕೆ ಬಿತ್ತು. ಶೂಗಳಿಗೆ ಅಂಟಿಸಿದ ಲೈನಿಂಗ್ ಪಟ್ಟಿ ಸುಟ್ಟ ವಾಸನೆ ಗಪ್ಪೆಂದು ಬಂತು. ಬೆರಳುಗಳ ಚರ್ಮ ಬೆಂದಿತ್ತು.

ವರ್ಷಕ್ಕೂ ಮೇಲಿಂದ ಅಲುಗದ ಕಾರು. ಈಗಷ್ಟೇ ತಣ್ಣೀರು ಕುಡಿದ ಚಕ್ರ. ಅಣ್ಣ ಡ್ರಮ್ಮಿನ ಮೇಲೆ ಒಂದು ಹಿಡಿ ನೀರು ಚಿಮುಕಿಸಿದ. ಚುಯ್ ಎಂದು ಆವಿ ಎದ್ದಿತು.

"ನಿಂತಿರೋ ಗಾಡಿ ಡ್ರಮ್ಮು ಇಂಗ್ ಕಾಯ್ತದೇನ್ಲಾ?" ಎಂದ.

"ಕೀ ನಿನ್ ತಾವೇ ಅದೆ, ಬ್ಯಾಟ್ರಿನೂ ನಿನ್ ತಾವೇ ಅದೆ ಕಣಣ್ಣ. ಎಂಗ್ ಓಡ್ಸಲಿ?"

"ಇನ್ನೊಂದ್ ಕೀ ಮಾಡ್ಸದು, ಬ್ಯಾಟ್ರಿ ತರದು ಏನ್ ದೊಡ್ ಇಸ್ಯ? ಹ್ಯಾಂಡ್‌ಬ್ರೇಕ್ ಬುಡದೆ ಓಡ್ಸ್ಕಬಂದು ನಿಲ್ಸಿದ್ದೀಯ. ಕಳ್ಳ ನನ್ಮಗ್ನೆ, ಅಪ್ಪನ್ ಗಾಡಿ ಸುಟ್ಟಾಕ್ಬುಟ್ಟೆ."

ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡೂ ಚಕ್ರಗಳನ್ನು; ಹಾಗೆ ಓಡಿಸಿದ್ದರೆ ಎರಡೂ ಡ್ರಮ್ಮು ಕಾಯಬೇಕು. ಉರಿಯುವ ಕೈಯಲ್ಲೇ ಬಲಗಡೆಯದನ್ನೂ ಬಿಚ್ಚಿ ತೋರಿಸಿದೆ. ಅದು ಬಾವಿಯ ಕಲ್ಲಿನಂತೆ ತಣ್ಣಗಿತ್ತು, ಒಳಗೆ ತುಕ್ಕು. ಅಣ್ಣ ಅತ್ತ ನೋಡಲೂ ಇಲ್ಲ. ತಂದಿದ್ದ ಹೂವನ್ನು ಬಾನೆಟ್ಟಿನ ಮೇಲೆ ಎಸೆದು, ಪೂಜೆ ಮಾಡದೆ ಮದ್ದೂರಿನ ಬಸ್ಸು ಹತ್ತಿದ. ಅಂದಿನಿಂದ ನಮ್ಮ ಮನೆಯ ಮೆಟ್ಟಿಲು ತುಳಿದಿಲ್ಲ. ಮಂಡ್ಯದ ಮೆಕ್ಯಾನಿಕ್ಕುಗಳನ್ನು ಎಷ್ಟೋ ಸಲ ಕೇಳಿದೆ. ಓಡದೆ ಡ್ರಮ್ಮು ಕಾಯುವುದಿಲ್ಲ ಎಂದೇ ಎಲ್ಲರ ಉತ್ತರ. ನನಗೂ ಬೇರೆ ಉತ್ತರ ಗೊತ್ತಿಲ್ಲ.

ಅಂದು ಅಷ್ಟು ರಾದ್ಧಾಂತವಾದರೂ ಅಮ್ಮ ಜಗಲಿಯಲ್ಲಿ ತುಟಿ ಪಿಟಕ್ಕೆನ್ನದೆ ಕೂತಿದ್ದಳು. ಅವಳು ಮಲಗುವುದು ಶೆಡ್ಡಿಗೆ ಅಂಟಿದ ಕೋಣೆಯಲ್ಲಿ. ಬಾಗಿಲು ಕಿರ್ ಎಂದರೂ ಎಚ್ಚರವಾಗುವ ಹೆಂಗಸು. ಕಾರು ಕದಲಿಲ್ಲವೆಂದು ನನ್ನ ಪರವಾಗಿ ಹೇಳಬಹುದಾದ ಒಬ್ಬಳೇ ಒಬ್ಬಳು. ಅಣ್ಣ ಹೋದ ಮೇಲೆ ಕೊಬ್ಬರಿ ಎಣ್ಣೆ ತಂದು ಪಕ್ಕದಲ್ಲಿ ಕೂತಳು. ಬೆರಳಿಗೆ ಸವರುತ್ತಾ, ಯಾರಿಗೂ ಕೇಳಿಸದಂತೆ ಕೇಳಿದಳು:

"ನನ್ ಕುಟ್ಟಾದ್ರೂ ನಿಜ ಯೋಳು ಮಗ. ಕಾರ್ ತಕಂಡ್ ಎಲ್ಲಿಗ್ ಓಗಿದ್ದೆ?"

ಎಲ್ಲಿಗೂ ಇಲ್ಲಮ್ಮ ಎಂದೆ. ಅದು ನನಗೇ ಸುಳ್ಳು ಹೇಳುವವನ ದನಿಯಂತೆ ಕೇಳಿಸಿತು.