ಠಾಣೆಯ ಬಾಗಿಲಿಗೆ ಅಂಟಿಸಿದ ನೋಟಿಸು

ತುರ್ತು ಪರಿಸ್ಥಿತಿಯ ಕಾಲದಲ್ಲಿ ಮಂಗಳೂರಿನಲ್ಲಿ ಕಾನೂನಿಗೆ ಯಾವ ಕೊರತೆಯೂ ಇರಲಿಲ್ಲ. ಕೋರ್ಟು ಹೊತ್ತಿಗೆ ಸರಿಯಾಗಿ ತೆರೆಯುತ್ತಿತ್ತು, ವಕೀಲರು ಇಸ್ತ್ರಿ ಹಾಕಿದ ಕೋಟಿನಲ್ಲಿ ಬರುತ್ತಿದ್ದರು, ಮನುಷ್ಯರು ಕಾಣೆಯಾಗುತ್ತಿದ್ದರು. ದೇರೆಬೈಲಿನ ಲೋಕಯ್ಯನಿಗೆ ಭೂನ್ಯಾಯ ಮಂಡಳಿಯ ನೋಟಿಸುಗಳನ್ನು ಮುಟ್ಟಿಸುವ ಕೆಲಸ. ಏಳನೆಯ ತರಗತಿ ಓದಿದವನು. ನೋಟಿಸಿನಲ್ಲಿ ಹೆಸರಿದ್ದವನ ಕೈಗಲ್ಲದೆ ಅದನ್ನು ಕೊಡುತ್ತಿರಲಿಲ್ಲ. ಕಚೇರಿಯ ನಾವು ಪದವೀಧರರು ಅದಕ್ಕೆ ನಗುತ್ತಿದ್ದೆವು.

೧೯೭೬ರ ಜನವರಿಯಲ್ಲಿ ಪಡೀಲಿನ ಮುದ್ದುವಿನ ನೋಟಿಸು ಅವನ ಚೀಲಕ್ಕೆ ಬಂತು. ಮುದ್ದು ಗೇಣಿಗೆ ಮಾಡುತ್ತಿದ್ದ ಒಂದೂಕಾಲು ಎಕ್ರೆ ಗದ್ದೆ ತನ್ನ ಹೆಸರಿಗಾಗಲಿ ಎಂದು ಹಾಕಿದ ಅರ್ಜಿಯ ವಿಚಾರಣೆ ಇಪ್ಪತ್ತೊಂದಕ್ಕೆ. ನೋಟಿಸು ಮುಟ್ಟಿಯೂ ಬಾರದಿದ್ದರೆ ಅರ್ಜಿ ವಜಾ. ಆದರೆ ಕರಪತ್ರ ಹಂಚಿದ್ದಕ್ಕೆ ಪೊಲೀಸರು ಅವನನ್ನು ಒಯ್ದು ಹದಿನೇಳು ದಿನವಾಗಿತ್ತು. ಠಾಣೆಯ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಹೆಂಡತಿ ನಳಿನಾಕ್ಷಿ ದಿನವೂ ಅಲ್ಲಿಗೆ ಒಯ್ದ ಬುತ್ತಿ ಮಾತ್ರ ಖಾಲಿಯಾಗಿ ಬರುತ್ತಿತ್ತು.

"ಮನೆ ಬಾಗಿಲಿಗೆ ಅಂಟಿಸಿ ಬಾ ಮಾರಾಯ, ಮುಗೀತು," ಎಂದರು ಗದ್ದೆಯ ಧಣಿಯ ವಕೀಲರು. ಮುಗಿಯುತ್ತಿದ್ದದ್ದು ಮುದ್ದುವಿನ ಗದ್ದೆ.

"ಅವ ಮನೆಯಲ್ಲಿ ಇಲ್ಲ ಸಾರ್. ಇರುವಲ್ಲಿಗೆ ಹೋಗ್ತೇನೆ," ಎಂದ ಲೋಕಯ್ಯ.

ಠಾಣೆಯಲ್ಲಿ ಇನ್ಸ್‌ಪೆಕ್ಟರು ತಲೆ ಎತ್ತಲಿಲ್ಲ. "ಮುದ್ದು ಅಂತ ಇಲ್ಲಿ ಯಾರೂ ಇಲ್ಲ."

"ಹಾಗಂತ ಬರೆದು ಸಹಿ ಹಾಕಿ ಕೊಡಿ ಸಾರ್."

"ಅದೆಲ್ಲ ಆಗುದಿಲ್ಲ."

"ಇದ್ದಾನೆ ಅಂತ ಬರೀತೀರಾ?"

"ಅದೂ ಇಲ್ಲ."

"ಹಾಗಾದ್ರೆ ಇಲ್ಲೇ ಬಾಗಿಲಿಗೆ ಅಂಟಿಸ್ತೇನೆ. ರೂಲ್ ಉಂಟು."

"ತಲೆ ಸರಿ ಉಂಟಾ ನಿಂಗೆ?"

"ಊಟ ಈ ಬಾಗಿಲಿಂದಲೇ ಒಳಗೆ ಹೋಗ್ತದಲ್ಲ ಸಾರ್."

ಅಂಟಿಸಿದ್ದಕ್ಕೆ ಸಾಕ್ಷಿಯಾಗಿ ಇಬ್ಬರ ಸಹಿ ಬೇಕಿತ್ತು. ಎದುರಿನ ಹೋಟೆಲಿನ ಅಲ್ಫೋನ್ಸ್ ಕೈ ಒರೆಸುತ್ತಲೇ ಉಳಿದ. ಅವನ ಹೆಂಡತಿ ಅಪೊಲೋನಿಯಾ ಪೆನ್ನು ಕಿತ್ತುಕೊಂಡಳು. "ದಿನಾ ಹದಿನಾಲ್ಕು ಚಾ ಧರ್ಮಕ್ಕೆ ಕುಡೀತಾರೆ ಈ ಪೊಲೀಸರು. ಕೊಡಿ, ನಾನು ಹಾಕ್ತೇನೆ." ಆಮೇಲೆ ಗಂಡನೂ ಹಾಕಿದ.

ಇಪ್ಪತ್ತೊಂದರಂದು ಲೋಕಯ್ಯನ ವರದಿ ಓದಿದಾಗ ಮಂಡಳಿಯವರು ಪರಸ್ಪರ ಮುಖ ನೋಡಿಕೊಂಡರು. ಒಪ್ಪಿದರೆ ಮುದ್ದು ಠಾಣೆಯಲ್ಲಿದ್ದಾನೆ ಎಂದಂತೆ, ಅದಕ್ಕೆ ಧೈರ್ಯವಿಲ್ಲ; ತಳ್ಳಲು ಕಾರಣವಿಲ್ಲ. ಮುಂದೂಡಿದರು. ಹೆದರಿಕೆಯಿಂದ ಆದ ಒಳ್ಳೆಯ ಕೆಲಸ ಅದೊಂದೇ.

ಠಾಣೆಯವರೂ ಅದೇ ವಾರ ಎಚ್ಚೆತ್ತರು. ವಿಚಾರಣೆಯಿಲ್ಲದೆ ಕೂಡಿಹಾಕುವ ಮೀಸಾ ಕಾಯ್ದೆಯ ಆದೇಶ ಬಂತು, ಮೊಹರು ಬಿತ್ತು, ಮುದ್ದುವಿಗೆ ಜೈಲಿನಲ್ಲಿ ಒಂದು ನಂಬರು ಸಿಕ್ಕಿತು. ಅಕ್ರಮವಾಗಿ ಕೂಡಿಹಾಕಿದ್ದವನನ್ನು ಕಾನೂನು ಸಕ್ರಮವಾಗಿ ಹದಿನಾಲ್ಕು ತಿಂಗಳು ಕೂಡಿಹಾಕಿತು. ಅಷ್ಟೂ ಕಾಲ ಮಂಡಳಿ ಮುಂದೂಡುತ್ತಲೇ ಹೋಯಿತು.

ಚುನಾವಣೆ ಮುಗಿದು ಮುದ್ದು ಬಿಡುಗಡೆಯಾದ ಮೇಲೆ ಕೊಡಿಯಾಲ್‌ಬೈಲಿನಲ್ಲಿ ಸಭೆ. ಧಣಿಯ ಅದೇ ವಕೀಲರು ನಮ್ಮ ಸಂಸ್ಥೆಗಳ ಗಟ್ಟಿತನದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ನಾವೂ ಚಪ್ಪಾಳೆ ತಟ್ಟಿದೆವು.

ಗದ್ದೆ ಮುದ್ದುವಿನದೇ ಎಂಬ ಆದೇಶ ಜೂನಿನಲ್ಲಿ ಬಂತು. ಲೋಕಯ್ಯ ಪಡೀಲಿಗೆ ನಡೆದು ಹೋಗಿ ಅದನ್ನು ಅವನ ಕೈಗೇ ಕೊಟ್ಟ.

"ಕಡೆಗೂ ಕಾನೂನು ಗೆದ್ದಿತಲ್ಲ ಲೋಕಯ್ಯಣ್ಣ," ಎಂದ ಮುದ್ದು.

"ಎಂತ ಗೆದ್ದದ್ದು? ಹದಿನಾಲ್ಕು ತಿಂಗಳು ವಾಪಸ್ ಕೊಟ್ಟಿತಾ?" ಲೋಕಯ್ಯ ಸಹಿಯ ಪುಸ್ತಕ ಚಾಚಿದ. "ಮೊದಲು ಪೂರ್ತಿ ಓದು. ಮತ್ತೆ ಸಹಿ ಹಾಕು."