ಅಕ್ಕನೊಂದಿಗೆ ಚರ್ಮದ ಡಾಕ್ಟರ ಬಳಿಗೆ

ಬಂಗಾರಪೇಟೆಯಲ್ಲಿ ನಾನು ಬೆಳಗಿನ ರೈಲು ಹತ್ತಿದಾಗ ಅಕ್ಕ ಕಿಟಕಿಯ ಪಕ್ಕ ಮುದುಡಿ ಕೂತಿದ್ದಳು. ತನ್ನೂರು ಚಾಂಪಿಯನ್ ರೀಫ್ಸ್‌ನಲ್ಲಿ ಹತ್ತಿ ನನಗೂ ಜಾಗ ಹಿಡಿದಿದ್ದಳು. ಆ ಸೆಕೆಯಲ್ಲೂ ಉದ್ದ ತೋಳಿನ ರವಿಕೆ, ಮೇಲೆ ಸೆರಗು. ವರ್ಷಗಟ್ಟಲೆ ಹುಳುಕಡ್ಡಿ ಎಂದು ಮುಲಾಮು ಹಚ್ಚಿದ ಕಲೆಗಳು ಈಗ ಗಂಟುಗಳಾಗಿದ್ದವು. ತೊಡೆಯ ಮೇಲಿನವು ಒಡೆದು ರಸಿಗೆ ಸೋರುತ್ತಿತ್ತು. ಕೋಲಾರದಲ್ಲಿ ಚರ್ಮದ ಚೂರು ತೆಗೆದು ಪರೀಕ್ಷಿಸಿ, ಇದು ಲಿಂಫೋಮಾ, ಚರ್ಮದಲ್ಲಿ ಬರುವ ಒಂದು ಬಗೆಯ ಕ್ಯಾನ್ಸರ್ ಎಂದಿದ್ದರು. ಏನು ಚಿಕಿತ್ಸೆ ಇದೆ ಎಂದು ಕೇಳಲು ಬೆಂಗಳೂರಿಗೆ ಹೊರಟಿದ್ದೆವು.

ಟೇಕಲ್ ದಾಟಿದ ಮೇಲೆ ಅಕ್ಕ ಚಿತ್ರಾನ್ನದ ಡಬ್ಬಿ ತೆರೆದಳು. ಎದುರಿನ ಹೆಂಗಸು ಅವಳ ಮಣಿಕಟ್ಟಿನ ಕಲೆ ನೋಡಿ, ಮಗುವನ್ನೆತ್ತಿಕೊಂಡು ಬೇರೆ ಕಡೆ ಹೋದಳು. ಅಕ್ಕ ಡಬ್ಬಿ ಮುಚ್ಚಿಬಿಟ್ಟಳು.

ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೂ ಕಾದೆವು. ಡಾಕ್ಟರಮ್ಮ ನಿಧಾನವಾಗಿ ಪರೀಕ್ಷಿಸಿದರು. ಅಕ್ಕ ಮೊದಲು ಕೇಳಿದ್ದು ಒಂದೇ: "ಇದು ಇನ್ನೊಬ್ಬರ್ಗೆ ಅಂಟ್ತದಾ?" ಖಂಡಿತ ಇಲ್ಲ ಎಂದರು.

ಕಲೆಗಳು ತೆಳುವಾಗಿದ್ದಾಗಲೇ ಬಂದಿದ್ದರೆ ಮುಲಾಮು, ಬೆಳಕಿನ ಚಿಕಿತ್ಸೆ ಸಾಕಾಗುತ್ತಿತ್ತೇನೋ ಎಂದು ಅವರು ವಿವರಿಸಿದರು. ಈಗ ಇಡೀ ಮೈಯ ಚರ್ಮಕ್ಕೆ ವಿಕಿರಣ ಕೊಡುವುದು ಒಂದು ದಾರಿ. ವಾರಗಟ್ಟಲೆ ಇಲ್ಲೇ ಇರಬೇಕು, ಕೂದಲು, ಉಗುರು ಉದುರಬಹುದು. ಇಲ್ಲವೆ ಒಡೆದ ಗಂಟುಗಳಿಗಷ್ಟೇ ವಿಕಿರಣ, ಆಮೇಲೆ ಮನೆಯಲ್ಲಿ ಮಾತ್ರೆ. ಎರಡರಲ್ಲೂ ರೋಗ ಪೂರ್ತಿ ಹೋಗುವ ಭರವಸೆಯಿಲ್ಲ. ಆದರೆ ಅಕ್ಕನಿಗೆ ಮೊದಲನೆಯದೇ ಮೇಲು ಎಂದರು.

ಅಕ್ಕ ಎರಡನೆಯದನ್ನು ಆರಿಸಿಕೊಂಡಳು. ಭಾವ ಊರಿನ ಚಿನ್ನದ ಗಣಿಯಲ್ಲಿ ದುಡಿದವರು. ಶ್ವಾಸಕೋಶದಲ್ಲಿ ದೂಳು ಕೂತು ಹಾಸಿಗೆ ಹಿಡಿದಿದ್ದಾರೆ. ಅಷ್ಟು ದಿನ ಅವರನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ.

"ನಿನ್ ಕೈಲಿ ಮೈ ತೊಳೆಸ್ಕೊಳಾಕೆ ಅವ್ರು ಒಪ್ಪಲ್ಲ ಕಣ್ಲಾ," ಎಂದಳು. "ನಾನಿಲ್ದಿದ್ರೆ ಉಪವಾಸ ಮಲಗ್ತಾರೆ."

ಗಂಟುಗಳ ವಿಕಿರಣಕ್ಕೆ ದಿನ ಗೊತ್ತುಮಾಡಿಕೊಂಡು ಸಂಜೆಯ ರೈಲು ಹತ್ತಿದೆವು. ಬಂಗಾರಪೇಟೆಯಲ್ಲಿ ನಾನು ಇಳಿಯಲು ಎದ್ದಾಗ ಅಕ್ಕ ಕೈ ಹಿಡಿದಳು. "ಮನೆಗಂಟ ಬಾ. ಅಂಟಲ್ಲ ಅಂತ ನೀನೇ ಅವ್ರಿಗೆ ಯೋಳು. ನಾನ್ ಯೋಳಿದ್ರೆ ನಂಬಲ್ಲ."

ಹೋದೆ. ಸಾಲುಮನೆಯ ಒಂದೇ ಕೋಣೆಯಲ್ಲಿ ಭಾವ ದಿಂಬಿಗೊರಗಿ ಕೂತಿದ್ದರು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಅಂಟುವುದಿಲ್ಲ ಎಂಬುದನ್ನು ಮತ್ತೆ ಹೇಳಿದೆ. ಅವರು ತಲೆಯಾಡಿಸಿದರು.

ಅಕ್ಕ ಅನ್ನ ಮಾಡಿ, ನಮ್ಮಿಬ್ಬರಿಗೂ ಬಡಿಸಿ, ತನ್ನ ತಟ್ಟೆ ಹಿಡಿದು ಭಾವನ ಕಡೆ ನೋಡುತ್ತ ನಿಂತಳು. ಭಾವ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅವಳು ಎಂದಿನಂತೆ ಹೊಸಿಲಾಚೆ ಹೋಗಿ ಜಗಲಿಯ ಮೇಲೆ ಕೂತಳು. ನಾನು ತಟ್ಟೆ ಎತ್ತಿಕೊಂಡು ಹೋಗಿ ಅವಳ ಪಕ್ಕ ಕೂತೆ.