ಸೊಂಟಕ್ಕೆ ಸಿಕ್ಕಿಸಿದ ಸೆರಗು

ಎಷ್ಟೇ ಒಳ್ಳೆಯ ರೇಷ್ಮೆಯಾಗಲಿ, ಅತ್ತಿಗೆ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಬಿಡುತ್ತಿದ್ದರು. ಅವರ ಪಟ್ಟೆಸೀರೆಗಳಲ್ಲೆಲ್ಲ ಆ ಒಂದು ಜಾಗದಲ್ಲಿ ಜರಿ ಮುದುಡಿ, ಸಾಂಬಾರಿನ ಕಲೆ ಕೂತಿರುತ್ತಿತ್ತು.

ಅವರು ನನ್ನ ಗಂಡನ ಅಕ್ಕ, ಕುಂಬ್ರ ಎಂಬ ಹಳ್ಳಿಯವರು. ಫೋರ್ಕ್ ಯಾವ ಕೈಯಲ್ಲಿ, ನ್ಯಾಪ್‌ಕಿನ್ ಎಲ್ಲಿ ಎಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. ಯಾರು ಮೊದಲು ಉಣ್ಣಬೇಕು ಎಂದು ಕಲಿಸಿದ್ದು ಅತ್ತಿಗೆ. ಮದುವೆಮನೆಯಲ್ಲಿ ಮನೆಯವರದ್ದು ಕಡೇ ಪಂಕ್ತಿ. ಚಪ್ಪರದವರು, ವಾಲಗದವರು, ಜೀಪಿನ ಡ್ರೈವರು ಎಲ್ಲ ಕೈ ತೊಳೆದ ಮೇಲೆ. ನನ್ನ ಮುಖ ಬಾಡಿದ್ದು ಕಂಡರೆ ಒಂದು ಬಾಳೆಹಣ್ಣು ಕೈಗಿಟ್ಟು, "ಇವರದ್ದು ಆಗ್ಲಿ ಮಾರಾಯ್ತಿ" ಎನ್ನುವರು. ಅಷ್ಟೇ, ಲೆಕ್ಚರ್ ಇಲ್ಲ.

ಅವರೇ ಸಾಕಿದ ಮೊಮ್ಮಗಳ ಮದುವೆ ಮಂಗಳೂರಿನಲ್ಲಾಯಿತು. ಸಂಜೆ ಎ.ಸಿ. ಹಾಲಿನಲ್ಲಿ ರಿಸೆಪ್ಷನ್. ಬಿಳಿ ಆರ್ಕಿಡ್, ವಯಲಿನ್, ಆಮೇಲೆ ಡಿಜೆ. ಚಂದವಿತ್ತು, ಸುಳ್ಳು ಯಾಕೆ ಹೇಳಲಿ? ಬ್ಯೂಟಿಷಿಯನ್ ಹುಡುಗಿ ಅತ್ತಿಗೆಯ ಸೆರಗನ್ನೂ ನೆರಿಗೆ ಹಿಡಿದು ಪಿನ್ ಹಾಕಿದ್ದಳು. ಅತಿಥಿಗಳ ಕೈಗೆಲ್ಲ ಚಿನ್ನದ ಬಣ್ಣದ ಬ್ಯಾಂಡ್. ಬ್ಯಾಂಡ್ ಇದ್ದವರಿಗೆ ಮಾತ್ರ ಬಫೆ.

ಕುಂಬ್ರದಿಂದ ನಮ್ಮನ್ನು ಕರೆತಂದ ಬಸ್ಸಿನ ಡ್ರೈವರು, ಕ್ಲೀನರು ಬಾಗಿಲಲ್ಲೇ ನಿಂತಿದ್ದರು. ಬ್ಯಾಂಡ್ ಇಲ್ಲವೆಂದು ಯೂನಿಫಾರ್ಮಿನವನು ತಡೆದಿದ್ದ. ಉಳಿದರೆ ಕೊನೆಗೆ ಪಾರ್ಸೆಲ್ ಕೊಡಿ ಎಂದು ಹೇಳಿದವನು ವಧುವಿನ ಅಪ್ಪ, ಅತ್ತಿಗೆಯ ಸ್ವಂತ ಮಗ.

ಉಳಿದರೆ! ಈಗಲೂ ನನ್ನ ಮೈ ಉರಿಯುತ್ತದೆ.

ಅತ್ತಿಗೆ ಹೋಗಿ ಇಬ್ಬರನ್ನೂ ಕರೆತಂದು 'ಫ್ಯಾಮಿಲಿ' ಎಂದು ಬೋರ್ಡಿಟ್ಟ ಮೇಜಿನಲ್ಲಿ ಕೂರಿಸಿದರು. ಪಿನ್ನುಗಳನ್ನು ಒಂದೊಂದಾಗಿ ಕಿತ್ತು ನನ್ನ ಕೈಗಿತ್ತರು. ಸೆರಗು ಸೊಂಟಕ್ಕೆ ಹೋಯಿತು. ತಾವೇ ಬಡಿಸತೊಡಗಿದರು.

ಸ್ಟೇಜಿನಿಂದ ಮೈಕಿನಲ್ಲಿ ಕರೆ ಬಂತು, ಫ್ಯಾಮಿಲಿ ಫೋಟೋಗೆ ವಧುವಿನ ಅಜ್ಜಿ ಬರಬೇಕಂತೆ. ಮಗ ಇಳಿದು ಬಂದ.

"ಅಮ್ಮ, ಎಂತ ಇದು? ಬೀಗರ ಎದುರು ಮರ್ಯಾದೆ ಹೋಗ್ತದೆ. ಎಲ್ಲರೂ ಕಾಯ್ತಾ ಇದ್ದಾರೆ."

ಅತ್ತಿಗೆ ತಲೆಯೆತ್ತಲಿಲ್ಲ. "ಇವರದ್ದು ಆಗ್ಲಿ."

"ಬರದಿದ್ರೆ ನೀವಿಲ್ಲದೆ ತೆಗೀತೇವೆ."

"ತೆಗೀರಿ. ನಿನ್ನ ಮದುವೆಗೆ ದಿಬ್ಬಣದ ಬಸ್ ಓಡಿಸಿದ್ದು ಈ ಡ್ರೈವರ್ ಹುಡುಗನ ಅಪ್ಪ. ಅವ ಉಂಡ ಮೇಲೆ ನಾನು ಉಂಡದ್ದು."

ತೆಗೆದೇಬಿಟ್ಟರು. ಸಾಕಿದ ಅಜ್ಜಿಯ ಜಾಗದಲ್ಲಿ ವರನ ಕಡೆಯ ಯಾರೋ ಆಂಟಿ ನಿಂತು ಹಲ್ಲು ಕಿರಿದಿದ್ದಾಳೆ. ರಿಸೆಪ್ಷನ್ನಿನ ಅಷ್ಟು ದಪ್ಪದ ಆಲ್ಬಮ್ಮಿನಲ್ಲಿ ಅತ್ತಿಗೆ ಎಲ್ಲಿಯೂ ಇಲ್ಲ. ಆ ಮಳೆಗಾಲ ಕಳೆಯುವ ಮೊದಲೇ ಅವರು ಹೋದರು. ಅಮ್ಮ ಅವತ್ತು ಸೀನ್ ಮಾಡಿದರು ಎಂದು ಮಗ ಇಂದಿಗೂ ನಗುತ್ತಾ ಹೇಳುತ್ತಾನೆ. ನನಗೆ ನಗು ಬರುವುದಿಲ್ಲ.

ಅವರ ಉತ್ತರಕ್ರಿಯೆಗೆ, ಆ ಬೊಜ್ಜದ ಊಟಕ್ಕೂ ಅವನು ಅದೇ ಕೇಟರಿಂಗಿನವರನ್ನು ಕರೆಸಿದ್ದ. ಬಸ್ಸಿನ ಆ ಇಬ್ಬರೂ ಬಂದು, ಕರೆಯುವವರಿಲ್ಲದೆ ಅಂಗಳದ ಮೂಲೆಯಲ್ಲಿ ನಿಂತಿದ್ದರು. ನಾನು ಎಲೆ ಹಾಕಿ ಕೂರಿಸಿದೆ. ಜನ್ಮದಲ್ಲಿ ಮೊದಲ ಸಲ ಸೆರಗು ಸೊಂಟಕ್ಕೆ ಸಿಕ್ಕಿಸಿ ಅನ್ನದ ಪಾತ್ರೆ ಎತ್ತಿಕೊಂಡೆ.

"ಅತ್ತೆ, ನೀವು ಊಟಕ್ಕೆ ಕೂತ್ಕೊಳ್ಳಿ. ಬಡಿಸ್ಲಿಕ್ಕೆ ಜನ ಉಂಟಲ್ಲ" ಎಂದ ಅತ್ತಿಗೆಯ ಮಗ.

ಅವನ ಮುಖ ನೋಡಿಯೇ ಹೇಳಿದೆ: "ಇವರದ್ದು ಆಗ್ಲಿ."